ಗೂನನ ಗಂಟಲಿನ ಮುಳ್ಳು: ‘ಸಾವಿರದ ಒಂದು ರಾತ್ರಿಗಳು’ ಕೃತಿಯ ಒಂದು ಕಥೆಯಲ್ಲಿ ಒಳಗಥೆಗಳಿಗೇನು ಕೆಲಸ?

ಹಳೆಯ ಓದುಗ:

ಅರೇಬಿಯನ್ ನೈಟ್ಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಾವುದ್ದೀನನ ದೀಪ ಮತ್ತು ಆಲಿಬಾಬನ ಗುಹೆ. ಅವೆರಡೂ ಆ ಕೃತಿಯ ಹಳೆಯ ಅರಬ್ಬಿ ಹಸ್ತಪ್ರತಿಗಳಲ್ಲಿ ಇಲ್ಲ. 1709ರಲ್ಲಿ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಯುವಕ ಪ್ಯಾರಿಸ್ಸಿನಲ್ಲಿ ಆ ಕೃತಿಯ ಫ್ರೆಂಚ್ ಅನುವಾದಕ ಆಂಟ್ವಾನ್ ಗಲಾನ್ ಅವರಿಗೆ ಬಾಯಿಮಾತಿನಲ್ಲಿ ಹೇಳಿದ ಕಥೆಗಳು ಅವು. ನಾನು ಇಂದು ಚರ್ಚೆಗೆ ಎತ್ತಿಕೊಳ್ಳುತ್ತಿರುವುದು ಹಳೆಯ ಹಸ್ತಪ್ರತಿಯಲ್ಲಿ ನಿಜವಾಗಿಯೂ ಇರುವ, ಹೆಣಿಗೆಯ ದೃಷ್ಟಿಯಿಂದ ಇಡೀ ಕೃತಿಯಲ್ಲೇ ಅತ್ಯಂತ ಜಟಿಲವೆಂದು ನನಗೆ ತೋರುವ ‘ಗೂನನ ಕಥೆ’ಯನ್ನು.

ಓದದವರಿಗಾಗಿ ಹೊರಗಿನ ಕಥೆಯನ್ನಷ್ಟು ಹೇಳುತ್ತೇನೆ. ಚೀನಾ ದೇಶದ ಒಂದು ಪಟ್ಟಣದಲ್ಲಿ ಒಬ್ಬ ದರ್ಜಿಯೂ ಅವನ ಹೆಂಡತಿಯೂ ಸಂಜೆಯ ವಿಹಾರ ಮುಗಿಸಿ ಬರುವಾಗ ಒಬ್ಬ ತಮಾಷೆಗಾರ ಗೂನನನ್ನು ಕಂಡು ಊಟಕ್ಕೆ ಕರೆದೊಯ್ಯುತ್ತಾರೆ. ಕರಿದ ಮೀನು, ರೊಟ್ಟಿ, ನಿಂಬೆಹಣ್ಣು ಬರುತ್ತವೆ. ಊಟದ ನಡುವೆ ವಿನೋದಕ್ಕಾಗಿ ಮೀನಿನ ದೊಡ್ಡ ತುಂಡೊಂದನ್ನು ಅವನ ಬಾಯಿಗೆ ತುರುಕಿ, ಅಗಿಯಲು ಬಿಡದೆ ಬಾಯನ್ನು ಅಂಗೈಯಿಂದ ಮುಚ್ಚುತ್ತಾರೆ. ಮುಳ್ಳು ಗಂಟಲಿಗೆ ಸಿಕ್ಕಿ ಗೂನ ಉರುಳುತ್ತಾನೆ. ಗಾಬರಿಗೊಂಡ ಗಂಡಹೆಂಡಿರು ಅವನನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಸಿಡುಬು ತಗುಲಿದ ಮಗುವೆಂದು ದಾರಿಯುದ್ದಕ್ಕೂ ಗೋಳಾಡುತ್ತಾ ಯಹೂದಿ ವೈದ್ಯನ ಮನೆಗೆ ಒಯ್ದು, ಮೆಟ್ಟಿಲ ಮೇಲೆ ಇರಿಸಿ ಓಡಿಹೋಗುತ್ತಾರೆ. ಕತ್ತಲಲ್ಲಿ ಇಳಿದುಬಂದ ವೈದ್ಯನ ಕಾಲು ತಾಗಿ ಹೆಣ ಉರುಳುತ್ತದೆ. ತಾನೇ ಕೊಂದೆನೆಂದು ಅವನು ಅದನ್ನು ನೆರೆಮನೆಗೆ ಇಳಿಬಿಡುತ್ತಾನೆ. ಅಲ್ಲಿರುವವನು ಸುಲ್ತಾನನ ಅಡುಗೆಮನೆಯ ಉಸ್ತುವಾರಿ. ತನ್ನ ಬೆಣ್ಣೆ, ಕೊಬ್ಬು ಕದಿಯುವ ಕಳ್ಳ ಸಿಕ್ಕನೆಂದು ಬಡಿಯುತ್ತಾನೆ, ತಾನೇ ಕೊಂದೆನೆಂದು ಹೆದರಿ ಹೆಣವನ್ನು ಪೇಟೆಬೀದಿಯ ಅಂಗಡಿಯೊಂದಕ್ಕೆ ಒರಗಿಸಿ ಹೋಗುತ್ತಾನೆ. ಕೊನೆಗೆ ಅಮಲೇರಿದ ಕ್ರೈಸ್ತ ದಲ್ಲಾಳಿಯೊಬ್ಬ, ತನ್ನ ಪೇಟ ಕಸಿಯಲು ನಿಂತವನೆಂದು ತಿಳಿದು ಗುದ್ದುತ್ತಾನೆ; ಕಾವಲುಗಾರ ಅವನನ್ನು ಹಿಡಿಯುತ್ತಾನೆ.

ಇಲ್ಲಿಂದ ಮುಂದೆ ಸರಪಳಿ ಹಿಮ್ಮುಖವಾಗಿ ಬಿಚ್ಚಿಕೊಳ್ಳುತ್ತದೆ. ದಲ್ಲಾಳಿಯ ಕೊರಳಿಗೆ ಹಗ್ಗ ಬೀಳುವ ಹೊತ್ತಿಗೆ ಉಸ್ತುವಾರಿ ಜನರನ್ನು ಸರಿಸಿಕೊಂಡು ಬಂದು ತಪ್ಪೊಪ್ಪಿಕೊಳ್ಳುತ್ತಾನೆ. ಅವನ ಕೊರಳಿಗೆ ಹಗ್ಗ ಬೀಳುವಾಗ ವೈದ್ಯ ಬರುತ್ತಾನೆ. ವೈದ್ಯನ ಸರದಿಗೆ ದರ್ಜಿ ಬರುತ್ತಾನೆ. ಸತ್ತವನು ರಾಜನ ವಿದೂಷಕನಾದ್ದರಿಂದ ಎಲ್ಲರನ್ನೂ ಅರಮನೆಗೆ ಕರೆಸಲಾಗುತ್ತದೆ. ಇದಕ್ಕಿಂತ ವಿಚಿತ್ರವಾದದ್ದನ್ನು ಯಾರಾದರೂ ಕೇಳಿದ್ದೀರಾ ಎಂದು ರಾಜ ಕೇಳುತ್ತಾನೆ. ನಾಲ್ವರೂ ಒಬ್ಬೊಬ್ಬರಾಗಿ ಕಥೆ ಹೇಳತೊಡಗುತ್ತಾರೆ.

ನನ್ನ ಸಂದೇಹವಿರುವುದು ಇಲ್ಲಿಯೇ. ಗಲ್ಲುಗಂಬದವರೆಗಿನ ಕಥೆ ಬಾಣದಂತೆ ಸಾಗುತ್ತದೆ. ಆಮೇಲೆ ಬರುವ ಒಳಗಥೆಗಳು ಕೈರೋ, ಬಾಗ್ದಾದ್, ದಮಾಸ್ಕಸ್ಸುಗಳಲ್ಲಿ ಅಲೆದಾಡಿ ಗೂನನನ್ನು ಮರೆತೇಬಿಡುತ್ತವೆ. ಅವು ನಿಜಕ್ಕೂ ಬೇಕಿದ್ದವೇ?

ಗ್ರಂಥಪಾಲಕಿ:

ಹಳೆಯ ಓದುಗರ ಸಾರಾಂಶ ಸರಿಯಾಗಿದೆ. ಪಾಠಾಂತರಗಳ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಗಲಾನ್ ಬಳಸಿದ ಸಿರಿಯಾದ ಹಸ್ತಪ್ರತಿ ಇಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಮೂರು ಸಂಪುಟಗಳಾಗಿ ಇದೆ. ಅದನ್ನು ಆಧರಿಸಿ ಮುಹ್ಸಿನ್ ಮಹ್ದಿಯವರು 1984ರಲ್ಲಿ ಲೈಡನ್ನಿನಿಂದ ಸಂಪಾದಿತ ಪಾಠವನ್ನು ಪ್ರಕಟಿಸಿದರು. ಹೆಸರಿನಲ್ಲಿ ಸಾವಿರದ ಒಂದಿದ್ದರೂ ಆ ಪ್ರತಿಯಲ್ಲಿರುವುದು 282 ರಾತ್ರಿಗಳು ಮಾತ್ರ. ಅದು 14ನೆಯ ಶತಮಾನದ್ದೆಂದು ಮಹ್ದಿ ವಾದಿಸಿದರು. ಆದರೆ ಅದರಲ್ಲಿ ಅಶ್ರಫಿ ಎಂಬ ಚಿನ್ನದ ನಾಣ್ಯದ ಪ್ರಸ್ತಾಪವಿರುವುದರಿಂದ, ಮಮ್ಲೂಕ್ ಸುಲ್ತಾನ ಬರ್ಸ್‌ಬಾಯ್ 1425ರಲ್ಲಿ ಆ ನಾಣ್ಯವನ್ನು ಹೊರಡಿಸಿದ ಮೇಲೆಯೇ ಅದನ್ನು ಬರೆದಿರಬೇಕೆಂಬ ವಾದವೂ ಇದೆ. ನನಗೆ ನಾಣ್ಯದ ವಾದವೇ ಗಟ್ಟಿಯೆನಿಸುತ್ತದೆ.

ಮೀನಿನ ತುಂಡನ್ನು ತುರುಕಿದವರು ಯಾರು ಎಂಬುದೂ ಎಲ್ಲ ಕಡೆ ಒಂದೇ ಅಲ್ಲ. 1839ರಿಂದ 1842ರವರೆಗೆ ಕಲ್ಕತ್ತಾದಲ್ಲಿ ಅಚ್ಚಾದ ಅರಬ್ಬಿ ಪಾಠದಲ್ಲಿ ತುರುಕುವವಳು ದರ್ಜಿಯ ಹೆಂಡತಿ. ಗಲಾನ್ ಅವರ ಫ್ರೆಂಚ್ ಅನುವಾದದಲ್ಲಿ ಯಾರೂ ತುರುಕುವುದಿಲ್ಲ, ಗೂನ ತಾನಾಗಿಯೇ ಮುಳ್ಳನ್ನು ನುಂಗುತ್ತಾನೆ. ಫ್ರೆಂಚ್ ಓದುಗರ ಮುಂದೆ ಗೃಹಿಣಿಯೊಬ್ಬಳು ಅತಿಥಿಯ ಬಾಯಿಗೆ ಕೈ ಒತ್ತಿ ಹಿಡಿಯುವುದು ಗಲಾನ್ ಅವರಿಗೆ ಸಭ್ಯವೆನಿಸಲಿಲ್ಲವೇನೋ. ಆದರೆ ಆ ಕೈಯನ್ನು ತೆಗೆದರೆ ಕಥೆಯ ಅರ್ಧ ರುಚಿ ಹೋಗುತ್ತದೆ.

ಮೂರನೆಯ ಬೆಂಚು:

ಹಳೆಯ ಓದುಗರ ಸಂದೇಹವನ್ನು ನಾನು ಇನ್ನಷ್ಟು ಖಾರವಾಗಿ ಹೇಳುತ್ತೇನೆ. ಇವು ಸಂತೆಯಲ್ಲಿ ಕಥೆ ಹೇಳಿ ಹೊಟ್ಟೆ ಹೊರೆಯುತ್ತಿದ್ದವರು ಕೇಳುಗರನ್ನು ಮರುದಿನವೂ ಬರಿಸಿಕೊಳ್ಳಲು ತುಂಬಿದ ಜೊಳ್ಳು. ದಲ್ಲಾಳಿಯ ಕಥೆಯಲ್ಲಿ ಒಬ್ಬನ ಬಲಗೈ ಹೋಗಿದೆ. ಉಸ್ತುವಾರಿಯ ಕಥೆಯಲ್ಲಿ ಒಬ್ಬನ ಹೆಬ್ಬೆರಳುಗಳು ಹೋಗಿವೆ. ವೈದ್ಯನ ಕಥೆಯಲ್ಲಿ ಮತ್ತೆ ಬಲಗೈ. ಒಂದೇ ಅಚ್ಚಿನಿಂದ ಮೂರು ಇಟ್ಟಿಗೆ ತೆಗೆದಂತಿದೆ. ಚೀನಾದ ರಾಜನೂ ಇದನ್ನೇ ಅಲ್ಲವೇ ಹೇಳುವುದು? ಪ್ರತಿ ಕಥೆ ಮುಗಿದ ಮೇಲೂ, ಇದು ಗೂನನ ಕಥೆಯಷ್ಟು ವಿಚಿತ್ರವಲ್ಲ, ನಿಮ್ಮೆಲ್ಲರನ್ನೂ ಗಲ್ಲಿಗೇರಿಸುತ್ತೇನೆ ಎನ್ನುತ್ತಾನೆ. ಆ ರಾಜನಷ್ಟು ಒಳ್ಳೆಯ ವಿಮರ್ಶಕ ನನಗೆ ಬೇರೊಬ್ಬ ಕಂಡಿಲ್ಲ.

ಪಡಸಾಲೆ:

ಮೂರನೆಯ ಬೆಂಚಿನವರು ನಗಿಸಿದರು. ಆದರೆ ಅವರು ಗಮನಿಸಿದ ಪುನರಾವೃತ್ತಿಯೇ ಅವರ ವಾದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ಕತ್ತರಿಸಿದ ಕೈಗಳನ್ನು ಎಣಿಸಿದ ಅವರು, ಅವು ಎಲ್ಲಿ ಬೆಳಕಿಗೆ ಬರುತ್ತವೆ ಎಂಬುದನ್ನೂ ನೋಡಬೇಕಿತ್ತು.

ದಲ್ಲಾಳಿ ತನ್ನ ಮನೆಗೆ ಊಟಕ್ಕೆ ಕರೆದ ಶ್ರೀಮಂತ ಯುವಕ ಎಡಗೈಯಲ್ಲಿ ಉಣ್ಣುತ್ತಾನೆ. ಎಡಗೈಯಲ್ಲಿ ಉಣ್ಣುವುದು ಎಂತಹ ಅಪಚಾರವೆಂದು ನಮ್ಮ ಪಂಕ್ತಿಯಲ್ಲಿ ಕುಳಿತವರಿಗೆ ವಿವರಿಸಬೇಕಾಗಿಲ್ಲ. ಕಾರಣ ಕೇಳಿದಾಗ ತೋಳಿನೊಳಗಿಂದ ಮೊಂಡು ಕೈ ಹೊರಬರುತ್ತದೆ, ಅದರ ಬೆನ್ನಿಗೆ ಕೈರೋ ನಗರದ ಜುವೈಲಾ ಬಾಗಿಲಿನಲ್ಲಿ ಹಣದ ಚೀಲ ಕದ್ದು ಸಿಕ್ಕಿಬಿದ್ದ ಕಥೆ ಹೊರಬರುತ್ತದೆ. ವೈದ್ಯನ ಕಥೆಯ ರೋಗಿ ನಾಡಿ ನೋಡಲು ಎಡಗೈ ಚಾಚುತ್ತಾನೆ. ಇಷ್ಟು ಸುಂದರನಾದ ಹುಡುಗನಿಗೆ ಇಷ್ಟೂ ರೀತಿ ತಿಳಿಯದೇ ಎಂದು ವೈದ್ಯ ಮನಸ್ಸಿನಲ್ಲೇ ಆಕ್ಷೇಪಿಸುತ್ತಾನೆ. ಸತ್ಯ ತಿಳಿಯುವುದು ಮುಂದೆ ಸ್ನಾನಗೃಹದಲ್ಲಿ. ದರ್ಜಿಯ ಕಥೆಯಲ್ಲೂ ಔತಣವೇ: ಕುಂಟುವ ಯುವಕನೊಬ್ಬ ಒಳಗೆ ಬಂದು, ಅಲ್ಲಿ ಕುಳಿತಿರುವ ಕ್ಷೌರಿಕನನ್ನು ಕಂಡು, ಇವನಿರುವ ಮನೆಯಲ್ಲಿ ನಾನು ಕೂರುವುದಿಲ್ಲ ಎಂದು ಹೊರಟುನಿಲ್ಲುತ್ತಾನೆ.

ಎಲ್ಲಕ್ಕಿಂತ ಸೊಗಸಾದದ್ದು ಉಸ್ತುವಾರಿಯ ಕಥೆ. ಔತಣದಲ್ಲಿ ಜೀರ್‌ಬಾಜ ಎಂಬ ಪದಾರ್ಥ ಬಡಿಸಿದಾಗ ಅತಿಥಿಯೊಬ್ಬ ಹಿಂದೆ ಸರಿಯುತ್ತಾನೆ. ಜೀರ್‌ಬಾಜ ಕಲ್ಪನೆಯ ತಿನಿಸಲ್ಲ. 1226ರಲ್ಲಿ ಅಲ್-ಬಾಗ್ದಾದಿ ಬರೆದ ಅಡುಗೆಯ ಪುಸ್ತಕದಲ್ಲಿ ಅದನ್ನು ಮಾಡುವ ಕ್ರಮವಿದೆ. ಮಾಂಸ, ದ್ರಾಕ್ಷಿಯ ಹುಳಿ, ಸಕ್ಕರೆ, ಸಿಪ್ಪೆ ತೆಗೆದ ಬಾದಾಮಿ, ಕೇಸರಿ ಸೇರಿದ ಸಿಹಿಹುಳಿ ಸಾರು ಅದು. ಎಲ್ಲರೂ ಒತ್ತಾಯಿಸಿದಾಗ ಅವನು, ತಿಂದರೆ 120 ಸಲ ಕೈ ತೊಳೆಯಬೇಕು ಎನ್ನುತ್ತಾನೆ: ಚೌಳಿನಿಂದ 40 ಸಲ, ಪರಿಮಳದ ಜೇಕಿನ ಗಡ್ಡೆಯಿಂದ 40 ಸಲ, ಸಾಬೂನಿನಿಂದ 40 ಸಲ. ಭಯದಿಂದ ನಡುಗುತ್ತಾ ತುತ್ತಿಗೆ ಚಾಚಿದ ಆ ಕೈಯಲ್ಲಿ ಹೆಬ್ಬೆರಳಿಲ್ಲ. ನಾಲ್ಕು ಬೆರಳುಗಳ ನಡುವಿನಿಂದ ತುತ್ತು ಜಾರಿ ಬೀಳುತ್ತದೆ. ಖಲೀಫ ಹಾರೂನನ ರಾಣಿ ಜುಬೈದಾಳ ಪರಿಚಾರಿಕೆಯನ್ನು ಮದುವೆಯಾದ ರಾತ್ರಿ ಜೀರ್‌ಬಾಜ ತಿಂದು ಕೈ ತೊಳೆಯದೆ ವಧುವಿನ ಬಳಿ ಹೋದದ್ದಕ್ಕೆ ಅವಳೇ ವಿಧಿಸಿದ ಶಿಕ್ಷೆ ಅದು.

ಈಗ ಹೊರಗಿನ ಕಥೆಗೆ ಹಿಂತಿರುಗಿ ನೋಡಿ. ಗೂನ ಬಿದ್ದದ್ದು ಊಟದ ನಡುವೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡು. ಒಳಗಥೆಗಳ ಯುವಕರಿಗೂ ಊಟದ ನಡುವೆಯೇ ಏನೋ ಸಿಕ್ಕಿಕೊಂಡಿದೆ, ಆದರೆ ಅದು ಹೇಳಲಾರದ ಮಾತು. ಕೇಳುವವನೊಬ್ಬ ಸಿಕ್ಕಿದಾಗ ಅದು ಹೊರಬರುತ್ತದೆ. ನನ್ನ ಮಟ್ಟಿಗೆ ಇವು ಜೊಳ್ಳಲ್ಲ; ಮೊದಲ ಪುಟದ ಮೀನಿನ ಮುಳ್ಳನ್ನೇ ಮೂರು ಬಾರಿ ಬೇರೆ ಬೇರೆ ಗಂಟಲುಗಳಲ್ಲಿ ತೋರಿಸಿದ್ದಾರೆ.

ಹಳೆಯ ಓದುಗ:

ಪಡಸಾಲೆಯವರೇ, ಊಟದ ಎಳೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಿಮ್ಮ ಟಿಪ್ಪಣಿ ಓದಿದ ಮೇಲೆ ಪುಸ್ತಕ ತೆರೆದು ನಾಲ್ಕೂ ಕಡೆ ನೋಡಿದೆ, ನೀವು ಹೇಳಿದಂತೆಯೇ ಇದೆ. ಆದರೂ ಮೂರನೆಯ ಬೆಂಚಿನವರು ಎತ್ತಿದ ರಾಜನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇದೇ ಕೃತಿಯ ಮೊದಲ ರಾತ್ರಿಗಳಲ್ಲಿ ಬರುವ ವರ್ತಕ ಮತ್ತು ಜಿನ್ನಿಯ ಕಥೆಯಲ್ಲಿ ಮೂವರು ಮುದುಕರು ಒಂದೊಂದು ಕಥೆ ಹೇಳಿ ವರ್ತಕನ ಪ್ರಾಣದ ಮೂರರಲ್ಲೊಂದು ಪಾಲನ್ನು ಬಿಡಿಸಿಕೊಳ್ಳುತ್ತಾರೆ. ಅಲ್ಲಿ ಲೆಕ್ಕ ಸರಿಹೋಗುತ್ತದೆ. ಒಂದು ಕಥೆಗೆ ಇಷ್ಟು ಪ್ರಾಣವೆಂಬ ದರ ನಿಗದಿಯಾಗಿದೆ. ಚೀನಾದ ರಾಜನೋ ಆ ದರವನ್ನು ಏರಿಸುತ್ತಲೇ ಹೋಗುತ್ತಾನೆ. ಇಡೀ ಕೃತಿಯ ಹೊರ ಚೌಕಟ್ಟಿನಲ್ಲಿ ಇದನ್ನು ಕೇಳುತ್ತಾ ಕುಳಿತಿರುವವನು ರಾಜ ಶಹರಿಯಾರ್, ಹೇಳುತ್ತಿರುವವಳು ಬೆಳಗಾದರೆ ತಲೆ ಉಳಿಯುವುದೋ ಇಲ್ಲವೋ ತಿಳಿಯದ ಶಹರಜಾದ್. ತೃಪ್ತಿಯೇ ಆಗದ ಕೇಳುಗನ ಚಿತ್ರವನ್ನು ಅವಳು ಅವನ ಮುಂದೆಯೇ ಬರೆಯುತ್ತಿದ್ದಾಳೆ. ಒಳಗಥೆಗಳು ಸೋಲಬೇಕಾದದ್ದು ಇದಕ್ಕಾಗಿಯೇ ಇರಬಹುದೇ?

ದರ್ಜಿಯ ಮಗ:

ಯಾರೂ ಇನ್ನೂ ಕ್ಷೌರಿಕನ ಬಗ್ಗೆ ಮಾತನಾಡದಿರುವುದು ಆಶ್ಚರ್ಯ. ಇಡೀ ಸರಣಿಯ ಯಜಮಾನ ಅವನೇ.

ಆ ಪ್ರಸಂಗವನ್ನು ನಿಧಾನವಾಗಿ ಓದಬೇಕು. ಬಾಗ್ದಾದಿನ ಯುವಕನೊಬ್ಬನಿಗೆ ಕಾಜಿಯ ಮಗಳನ್ನು ಗುಟ್ಟಾಗಿ ಕಾಣುವ ಅವಕಾಶ ಸಿಕ್ಕಿದೆ. ಶುಕ್ರವಾರ ಕಾಜಿ ನಮಾಜಿಗೆ ಹೋದ ಹೊತ್ತಷ್ಟೇ ಅವನಿಗಿರುವ ಕಾಲ. ಅದಕ್ಕೆ ಮುನ್ನ ತಲೆ ಬೋಳಿಸಿಕೊಳ್ಳಲು ಕ್ಷೌರಿಕನನ್ನು ಕರೆಸುತ್ತಾನೆ. ಬಂದವನು ಕತ್ತಿಯ ಬದಲು ಚೀಲದಿಂದ ನಕ್ಷತ್ರದ ಎತ್ತರ ಅಳೆಯುವ ಯಂತ್ರವನ್ನು ತೆಗೆದು, ಅಂಗಳದ ನಡುವೆ ನಿಂತು ಸೂರ್ಯನನ್ನು ಅಳೆದು, ಇದು ಹಿಜ್ರಿ 653ನೆಯ ವರ್ಷದ ಸಫರ್ ತಿಂಗಳ ಶುಕ್ರವಾರವೆಂದೂ, ಕ್ಷೌರಕ್ಕೆ ಗಳಿಗೆ ಪ್ರಶಸ್ತವಾಗಿದೆಯೆಂದೂ, ಆದರೆ ನೀನು ಹೊರಟಿರುವ ಕೆಲಸದ ಗಳಿಗೆ ಕೆಟ್ಟಿದೆಯೆಂದೂ ಪ್ರವಚನ ಕೊಡುತ್ತಾನೆ. ಕತ್ತಿಯನ್ನು ಮಸೆಯುತ್ತಾನೆ, ನಾಲ್ಕು ಕೂದಲು ತೆಗೆಯುತ್ತಾನೆ, ಮತ್ತೆ ನಿಲ್ಲಿಸಿ ಯುವಕನ ತಂದೆಯ ಗುಣಗಾನ ಆರಂಭಿಸುತ್ತಾನೆ. ತನ್ನ ಮನೆಗೆ ಗೆಳೆಯರು ಊಟಕ್ಕೆ ಬರುವವರಿದ್ದಾರೆಂದು ಯುವಕನ ಅಡುಗೆಮನೆಯಲ್ಲಿರುವುದನ್ನೆಲ್ಲ ಕೇಳಿ ಪಡೆಯುತ್ತಾನೆ. ಅರ್ಧ ಬೋಳಾದ ತಲೆಯಲ್ಲಿ ಹುಡುಗ ಹಲ್ಲು ಕಚ್ಚಿಕೊಂಡು ಕುಳಿತಿರುವುದು ಕಣ್ಣಿಗೆ ಕಟ್ಟುತ್ತದೆ. ಇಷ್ಟೆಲ್ಲ ಮಾತಿನ ನಡುವೆ ಕ್ಷೌರಿಕ ಪದೇ ಪದೇ ಹೇಳುವುದೊಂದೇ: ನನ್ನ ಆರು ಜನ ಅಣ್ಣಂದಿರು ವಾಚಾಳಿಗಳು, ನನ್ನನ್ನು ಮಾತ್ರ ಜನರು ‘ಅಸ್ಸಾಮಿತ್’, ಅಂದರೆ ಮೌನಿ, ಎಂದು ಕರೆಯುತ್ತಾರೆ!

ಮುಂದಿನದು ಚುಟುಕಾಗಿ: ಕ್ಷೌರಿಕ ಹಿಂಬಾಲಿಸುತ್ತಾನೆ, ಕಾಜಿಯ ಮನೆಯೊಳಗೆ ಆಳು ಹೊಡೆತ ತಿಂದು ಕೂಗಿದ್ದನ್ನು ಕೇಳಿ ತನ್ನ ಯಜಮಾನನನ್ನೇ ಕೊಲ್ಲುತ್ತಿದ್ದಾರೆಂದು ಬೀದಿಯ ಜನರನ್ನೆಲ್ಲ ಸೇರಿಸುತ್ತಾನೆ, ಪೆಟ್ಟಿಗೆಯಲ್ಲಿ ಅಡಗಿದ ಯುವಕನನ್ನು ಪೆಟ್ಟಿಗೆಯ ಸಮೇತ ಹೊತ್ತುಕೊಂಡು ಓಡುತ್ತಾನೆ, ಯುವಕ ಹಾರಿ ಕಾಲು ಮುರಿದುಕೊಳ್ಳುತ್ತಾನೆ.

ಹಿಜ್ರಿ 653 ಎಂದರೆ ಕ್ರಿ.ಶ. 1255. ಮೂರೇ ವರ್ಷಕ್ಕೆ, 1258ರಲ್ಲಿ, ಹುಲಾಗುವಿನ ಮಂಗೋಲ್ ಸೇನೆ ಬಾಗ್ದಾದನ್ನು ಹಾಳುಗೆಡವಿತು. ಕಥೆ ಹೇಳಿದವರಿಗೂ ಕೇಳಿದವರಿಗೂ ಅದು ತಿಳಿದಿತ್ತು. ಗಳಿಗೆ ಕೆಟ್ಟಿದೆ ಎಂದ ಕ್ಷೌರಿಕನ ಮಾತು ಆ ಕಿವಿಗಳಿಗೆ ಬರಿಯ ತಮಾಷೆಯಾಗಿ ಕೇಳಿಸಿರಲಾರದು ಎಂದು ನನಗನ್ನಿಸುತ್ತದೆ.

ವ್ಯಾಕರಣಪ್ರಿಯ:

ಕಥೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ನಾನು ಎಣಿಸಿ ನೋಡಿದೆ. ಕ್ಷೌರಿಕನ ಐದನೆಯ ಅಣ್ಣನ ಪ್ರಸಂಗವನ್ನು ತೆಗೆದುಕೊಳ್ಳೋಣ. ತಂದೆ ಬಿಟ್ಟುಹೋದ 700 ದಿರ್ಹಮ್‌ಗಳಲ್ಲಿ ತನ್ನ ಪಾಲಿನ 100ರಿಂದ ಅವನು ಗಾಜಿನ ಸಾಮಾನು ಕೊಂಡು ಬುಟ್ಟಿಯಲ್ಲಿಟ್ಟುಕೊಂಡು ಕೂರುತ್ತಾನೆ. ಇದನ್ನು 200ಕ್ಕೆ ಮಾರುವೆ, ಅದನ್ನು 400 ಮಾಡುವೆ, ಹೀಗೆ ಬೆಳೆಸಿ ವಜೀರನ ಮಗಳನ್ನು ಮದುವೆಯಾಗುವೆ, ಅವಳು ಮಧುಪಾತ್ರೆ ಹಿಡಿದು ಬೇಡಿಕೊಂಡಾಗ ಹೀಗೆ ಒದೆಯುವೆ ಎಂದು ಕಾಲು ಚಾಚುತ್ತಾನೆ, ಬುಟ್ಟಿ ಉರುಳುತ್ತದೆ.

ಆ ಒದೆತ ನಮಗೆ ತಲುಪುವ ದಾರಿ ಇದು: ಹೀಗೆ ಒದೆಯುವೆನೆಂದು ಅಣ್ಣ ಅಂದುಕೊಂಡನೆಂದು ತಾನು ಖಲೀಫ ಮುಸ್ತನ್ಸಿರನಿಗೆ ಹೇಳಿದೆನೆಂದು ಕ್ಷೌರಿಕ ಔತಣದ ಅತಿಥಿಗಳಿಗೆ ಹೇಳಿದನೆಂದು ದರ್ಜಿ ಚೀನಾದ ರಾಜನಿಗೆ ಹೇಳಿದನೆಂದು ಶಹರಜಾದ್ ಶಹರಿಯಾರನಿಗೆ ಹೇಳಿದಳೆಂದು ಹೆಸರಿಲ್ಲದ ಕಥೆಗಾರ ನಮಗೆ ಹೇಳುತ್ತಾನೆ. ಈ ವಾಕ್ಯವನ್ನು ಕನ್ನಡ ಎಷ್ಟು ಸಲೀಸಾಗಿ ಹೊರುತ್ತದೆ ನೋಡಿ. ನಮ್ಮ ‘ಎಂದು’ ಪ್ರತಿ ಮಾತಿನ ಕೊನೆಗೆ ಬಂದು ಬಾಗಿಲು ಮುಚ್ಚುತ್ತದೆ, ಆದ್ದರಿಂದ ಒಳಗಿನ ಕೋಣೆಯಿಂದ ಹೊರಗಿನ ಕೋಣೆಗೆ ನಡೆದುಬರುತ್ತೇವೆ. ಅರಬ್ಬಿಯಲ್ಲಿ ‘ಕಾಲ’, ಅಂದರೆ ‘ಹೇಳಿದನು’, ಮಾತಿಗೆ ಮುಂಚೆ ಬರುತ್ತದೆ. ಅಲ್ಲಿ ಹೊರಗಿನಿಂದ ಒಳಕ್ಕೆ ಹೋಗಬೇಕು.

ಇನ್ನೊಂದು. ಶಹರಜಾದ್ ಪ್ರತಿ ರಾತ್ರಿ ಮಾತು ತೆಗೆಯುವುದು ‘ಬಲಗನೀ ಅಯ್ಯುಹಲ್ ಮಲಿಕ್’ ಎಂದು. ‘ರಾಜನೇ, ನನ್ನ ಕಿವಿಗೆ ಬಿದ್ದಿದೆ’ ಎಂದರ್ಥ. ನಾನು ಕಂಡೆ ಎಂದು ಅವಳು ಎಂದೂ ಹೇಳುವುದಿಲ್ಲ. ಕನ್ನಡದಲ್ಲಿ ಇದಕ್ಕೆ ಬೇರೆ ವಾಕ್ಯವೇ ಬೇಡ. ‘ಒಬ್ಬ ದರ್ಜಿ ಇದ್ದನಂತೆ’ ಎಂಬಲ್ಲಿನ ‘ಅಂತೆ’ ಅದೇ ಕೆಲಸ ಮಾಡುತ್ತದೆ. ಅನುವಾದಕರು ಈ ‘ಅಂತೆ’ಯನ್ನು ಬಿಟ್ಟು ‘ಇದ್ದನು’ ಎಂದು ಬರೆದಾಗ ಶಹರಜಾದಳ ದನಿಯೇ ಅಳಿಸಿಹೋಗುತ್ತದೆ.

ಮೂರನೆಯ ಬೆಂಚು:

ಗಾಜಿನ ಬುಟ್ಟಿಯವನು ನಮ್ಮ ಪಂಚತಂತ್ರದ ಹಿಟ್ಟಿನ ಮಡಕೆಯ ಬ್ರಾಹ್ಮಣನೇ ಅಲ್ಲವೇ? ಅವನೂ ಹುಟ್ಟದ ಮಗನಿಗೆ ಸೋಮಶರ್ಮನೆಂದು ಹೆಸರಿಟ್ಟು, ಹೆಂಡತಿಯನ್ನು ಒದೆಯಲು ಹೋಗಿ ಮಡಕೆ ಒಡೆದುಕೊಂಡವನು. ಹಾಗಾದರೆ ಕಥೆಯೊಳಗೆ ಕಥೆ ಹೆಣೆಯುವ ವಿದ್ಯೆಯೇ ಇಲ್ಲಿಂದ ಅಲ್ಲಿಗೆ ಹೋದದ್ದು ಎಂದು ಧೈರ್ಯವಾಗಿ ಹೇಳಬಹುದು.

ಗ್ರಂಥಪಾಲಕಿ:

ಅರ್ಧ ಧೈರ್ಯ ಸಾಕು. ಪಂಚತಂತ್ರ 6ನೆಯ ಶತಮಾನದಲ್ಲಿ ಪಹ್ಲವಿ ಭಾಷೆಗೆ ಹೋಗಿ, 8ನೆಯ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾನಿಂದ ‘ಕಲೀಲ ವ ದಿಮ್ನ’ ಎಂಬ ಅರಬ್ಬಿ ಗ್ರಂಥವಾದದ್ದು ನಿಶ್ಚಿತ. ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದ 11ನೆಯ ಶತಮಾನಕ್ಕೆ ಮೊದಲೇ ಅರಬ್ಬಿ ಓದುಗರಿಗೆ ಆ ಮಡಕೆಯ ಕಥೆ ತಿಳಿದಿತ್ತು. ಅಲ್ಲಿ ಮಡಕೆಯಲ್ಲಿದ್ದದ್ದು ಜೇನು ಮತ್ತು ಬೆಣ್ಣೆ. ಚೌಕಟ್ಟಿನ ವಿಚಾರಕ್ಕೆ ಬಂದರೆ, 10ನೆಯ ಶತಮಾನದ ಬಾಗ್ದಾದಿನ ಪುಸ್ತಕ ವ್ಯಾಪಾರಿ ಇಬ್ನ್ ಅಲ್-ನದೀಮ್ ತನ್ನ ‘ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯಲ್ಲಿ ಶಹರಜಾದಳ ಕಥೆ ಪಾರಸಿಯ ‘ಹಜಾರ್ ಅಫ್ಸಾನ್’ನಿಂದ ಬಂದದ್ದೆಂದು ಬರೆದು, ಪುಸ್ತಕ ಸಪ್ಪೆಯಾಗಿದೆಯೆಂದೂ ಸೇರಿಸಿದ್ದಾನೆ. ಮೂರನೆಯ ಬೆಂಚಿನವರಿಗೆ ಸಾವಿರ ವರ್ಷ ಹಿಂದಿನ ಒಬ್ಬ ಜೊತೆಗಾರ ಸಿಕ್ಕಂತಾಯಿತು.

ಆದರೆ ಬಂದ ಸಾಮಾನಿನಿಂದ ಏನು ಕಟ್ಟಿದರೆಂಬುದೇ ಮುಖ್ಯ. ಪಂಚತಂತ್ರದಲ್ಲಿ ಒಳಗಥೆ ಒಂದು ನೀತಿಗೆ ದೃಷ್ಟಾಂತವಾಗಿ ಬರುತ್ತದೆ. ಯಾರೋ ‘ಅದು ಹೇಗೆ?’ ಎಂದು ಕೇಳಿ ಕಥೆ ಶುರುವಾಗುತ್ತದೆ. ಗೂನನ ಕಥೆಯಲ್ಲಿ ನೀತಿಯ ಹಂಗಿಲ್ಲ. ಅಲ್ಲಿ ಕಥೆ ಒಂದು ಜೀವಕ್ಕೆ ತೆರುವ ಬೆಲೆ. ರೂಪ ಒಂದೇ ಇದ್ದರೂ ವ್ಯವಹಾರ ಬೇರೆ.

ಪಡಸಾಲೆ:

ಹಳೆಯ ಓದುಗರ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಕಥೆಯ ಮುಕ್ತಾಯದಲ್ಲಿದೆ. ದರ್ಜಿಯ ಕಥೆ ಕೇಳಿದ ಮೇಲೆ ಮಾತ್ರ ರಾಜ ಗಲ್ಲಿನ ಮಾತು ಬಿಟ್ಟು, ಆ ಕ್ಷೌರಿಕನನ್ನು ನನಗೆ ತೋರಿಸಿ ಎನ್ನುತ್ತಾನೆ. ಬಂದವನು 90 ದಾಟಿದ, ಗಡ್ಡ ಬೆಳ್ಳಗಾದ ಮುದುಕ. ಇಷ್ಟು ಹೊತ್ತು ಆ ಹೆಣದ ಸುತ್ತ ವೈದ್ಯನೂ ಸೇರಿದಂತೆ ಎಲ್ಲರೂ ಕಥೆ ಹೇಳುತ್ತಿದ್ದರೇ ಹೊರತು ಒಬ್ಬನಾದರೂ ಬಾಗಿ ನೋಡಿರಲಿಲ್ಲ. ಕ್ಷೌರಿಕ ಗೂನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖ ನೋಡಿ ಗಹಗಹಿಸಿ ನಗುತ್ತಾನೆ. ಚೀಲದಿಂದ ಲೇಪ ತೆಗೆದು ಕೊರಳಿಗೆ ಸವರಿ, ಇಕ್ಕಳವನ್ನು ಗಂಟಲಿಗೆ ಇಳಿಸಿ, ರಕ್ತ ಮೆತ್ತಿದ ಮೀನಿನ ತುಂಡನ್ನು ಮುಳ್ಳಿನ ಸಮೇತ ಎಳೆಯುತ್ತಾನೆ. ಗೂನ ಸೀನಿ ಎದ್ದು ಕೂರುತ್ತಾನೆ. ಯುವಕನ ತಲೆ ಬೋಳಿಸಲು ತಂದ ಅದೇ ಬಗೆಯ ಚೀಲ, ಅದೇ ಕೈ. ಅಲ್ಲಿ ಕಾಲು ಮುರಿಯಿತು, ಇಲ್ಲಿ ಜೀವ ಬಂತು. ಕ್ಷೌರಿಕನ ಕಥೆಯನ್ನು ಕೇಳದೆ ಹೋಗಿದ್ದರೆ ಅವನನ್ನು ಕರೆಸುವ ಪ್ರಶ್ನೆಯೇ ಇರುತ್ತಿರಲಿಲ್ಲ. ಒಳಗಥೆಯ ಪಾತ್ರವೊಂದು ಹೊಸ್ತಿಲು ದಾಟಿ ಹೊರಗಥೆಗೆ ಬಂದು ಅದನ್ನು ಬದುಕಿಸುತ್ತದೆ.

ಮೂರನೆಯ ಬೆಂಚು:

ಮುಳ್ಳೆಂದರೆ ಹೇಳಲಾರದ ಮಾತು ಎಂಬ ನಿಮ್ಮ ಅರ್ಥವಿವರಣೆಯನ್ನು ನಾನು ಇನ್ನೂ ಒಪ್ಪಿಲ್ಲ. ಮೀನಿನ ಮುಳ್ಳು ಮೀನಿನ ಮುಳ್ಳಾಗಿಯೇ ಇರಲಿ. ಆದರೆ ಕ್ಷೌರಿಕ ಹೊಸ್ತಿಲು ದಾಟುವ ವಿಚಾರಕ್ಕೆ ನನ್ನ ಬಳಿ ಉತ್ತರವಿಲ್ಲ. ಜೊಳ್ಳೆಂಬ ಮಾತನ್ನು ದರ್ಜಿಯ ಕಥೆಯ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ, ವೈದ್ಯನ ಕಥೆಯ ಮಟ್ಟಿಗೆ ಇಲ್ಲ. ಒಂದು ಅನುಮಾನ ಮಾತ್ರ ಉಳಿದಿದೆ. ಗ್ರಂಥಪಾಲಕಿಯವರು ಹೇಳಿದ ಕಲ್ಕತ್ತಾ ಪಾಠದಂತೆ ತುರುಕಿದವಳು ದರ್ಜಿಯ ಹೆಂಡತಿಯಾದರೆ, ಗಲ್ಲುಗಂಬದ ಬಳಿ ಅವಳೇಕೆ ಕಾಣುವುದಿಲ್ಲ?

ದರ್ಜಿಯ ಮಗ:

ಅವಳು ಮನೆಯಲ್ಲೇ ಉಳಿಯುತ್ತಾಳೆ. ರೇಷ್ಮೆಯಲ್ಲಿ ಸುತ್ತುವ ಉಪಾಯ, ಸಿಡುಬಿನ ನೆಪ, ವೈದ್ಯನ ಆಳಿಗೆ ಕೊಟ್ಟ ಕಾಲು ದಿನಾರ್, ಎಲ್ಲದರಲ್ಲೂ ಇದ್ದವಳು ಅಲ್ಲಿಗೆ ಕಣ್ಮರೆಯಾಗುತ್ತಾಳೆ. ದರ್ಜಿ ಒಬ್ಬನೇ ಬಂದು ಕೊರಳೊಡ್ಡುತ್ತಾನೆ. ಕೊನೆಯಲ್ಲಿ ಎಲ್ಲರಿಗೂ ಉಡುಗೊರೆಯ ನಿಲುವಂಗಿ ಸಿಗುತ್ತದೆ, ಕಥೆಯನ್ನು ಬರೆದಿಡಬೇಕೆಂದು ರಾಜ ಆಜ್ಞೆ ಮಾಡುತ್ತಾನೆ, ಅಸ್ಸಾಮಿತ್‌ನನ್ನು ಸಂಬಳ ಕೊಟ್ಟು ಅರಮನೆಯಲ್ಲೇ ಇರಿಸಿಕೊಳ್ಳುತ್ತಾನೆ. ಅವನ ಮಾತನ್ನು ಇನ್ನು ಮುಂದೆ ದಿನವೂ ಕೇಳಬೇಕಾದವನು ಆ ರಾಜನೇ.